ಏಕಾದಶಿ ಮಾಡಿದ ಡಬ್ಬಾ

ಯಂತ್ರದ ಮೇಲೆ ಬರುವ ಸಿಟ್ಟಿನಷ್ಟು ದಂಡದ ಸಿಟ್ಟು ಇನ್ನೊಂದಿಲ್ಲ. ಹೆಂಡತಿಯ ಮೇಲೆ ಕೂಗಾಡಿದರೆ ಅವಳು ಎರಡರಷ್ಟು ಕೂಗುತ್ತಾಳೆ, ಚಹಾದ ಹೊತ್ತಿಗೆ ಇಬ್ಬರೂ ತಣ್ಣಗಾಗುತ್ತೇವೆ. ಯಂತ್ರ ಸುಮ್ಮನೆ ಹಸಿರು ದೀಪ ಮಿಟುಕಿಸುತ್ತದೆ. ಮೊನ್ನೆ ದ್ವಾದಶಿಯ ಬೆಳಗ್ಗೆ ಆ ಹಸಿರು ದೀಪ ನೋಡಿ ನೆತ್ತಿಗೇರಿದ ಪಿತ್ತ ಇನ್ನೂ ಇಳಿದಿಲ್ಲ.

ಬಾಲಾನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮೇಲೂ ನನ್ನ ಕೈ ಸುಮ್ಮನಿರಲಿಲ್ಲ. ಮಣಿಕೊಂಡದ ನಮ್ಮ ಫ್ಲಾಟಿನಲ್ಲಿ, ಪರದೆ ಒಡೆದ ಹಳೆಯ ಲ್ಯಾಪ್‌ಟಾಪೊಂದನ್ನು ಕಪಾಟಿನ ಮೇಲೆ ಕೂಡಿಸಿ ಹೋಮ್ ಸರ್ವರ್ ಎಂದು ಪಟ್ಟ ಕಟ್ಟಿದೆ. ದೀಪ, ಫ್ಯಾನು, ಒಲೆ ಎಲ್ಲ ಅದರ ಹುಕುಂ ಕೇಳಬೇಕು. ಈ ಹವ್ಯಾಸಕ್ಕೆ ಇಳಿಯುವವರಿಗೆ ಮೊದಲ ಸಲಹೆ: ಗೋಡೆಯ ಸ್ವಿಚ್ಚು ಕೀಳಬೇಡಿ. ನಾನು ಕಿತ್ತೆ. ಮನೆಯವರು ಹಾದುಹೋಗುವಾಗಲೆಲ್ಲ ಸ್ವಿಚ್ಚು ಆರಿಸಿ ನನ್ನ ವ್ಯವಸ್ಥೆ ಕೆಡಿಸುತ್ತಾರೆಂದು ಅಡುಗೆಮನೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು ಬಿಳಿ ಹಲಗೆ ಬಡಿದೆ. ಗ್ಯಾಸ್ ಸಿಲಿಂಡರ್ ವಾಪಸು ಕೊಟ್ಟು ಕರೆಂಟಿನ ಒಲೆ ತಂದೆ. ಹೆಂಡತಿ ಸುಧಾ ಆಗಲೇ ಕೇಳಿದ್ದಳು, "ರೀ, ನಿಮ್ಮ ಡಬ್ಬಾ ಮಲ್ಕೊಂಡ್ರ ಅನ್ನ ಹ್ಯಾಂಗ ಮಾಡೋದು?" ಅದು ಮಲಗುವ ಜಾತಿಯಲ್ಲ ಎಂದಿದ್ದೆ.

ಡಬ್ಬಾವನ್ನು ಅವ್ವ ಮೆಚ್ಚಬೇಕೆಂಬ ಹಟ ನನಗೆ. ರಾಯಚೂರಿನಿಂದ ಸೊಸೆಯಾಗಿ ಹೈದರಾಬಾದಿಗೆ ಬಂದಾಗಿನಿಂದ ಅವಳು ಒಂದೂ ಏಕಾದಶಿ ಬಿಟ್ಟವಳಲ್ಲ. ಅದಕ್ಕೇ ಪಂಚಾಂಗ ಮುಂದಿಟ್ಟುಕೊಂಡು ವರ್ಷದ ಏಕಾದಶಿಗಳನ್ನೆಲ್ಲ ಸರ್ವರ್‌ಗೆ ಊಡಿಸಿದೆ. ಆ ದಿನ ಅಡುಗೆಮನೆ ತಾನೇ ಬಂದ್. "ಭಾಳ ಶಾಣ್ಯಾ ಅದಪಾ" ಎಂದಿದ್ದಳು ಅವ್ವ. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಮೊನ್ನೆಯದು ಸಾಧನ ದ್ವಾದಶಿ. ಅಂದರೆ ಸೂರ್ಯ ಹುಟ್ಟಿದ ಕೆಲವೇ ನಿಮಿಷಕ್ಕೆ ತಿಥಿ ಮುಗಿಯುತ್ತದೆ. ಮುಂಚೆಯೇ ಅಡುಗೆ, ನೈವೇದ್ಯ ಮುಗಿಸಿ ಅಷ್ಟರೊಳಗೆ ಉಪವಾಸ ಬಿಡಬೇಕು. ನಸುಕಿನಲ್ಲಿ ಸ್ನಾನ ಮಾಡಿ ಮಡಿಯುಟ್ಟು ಅವ್ವ ಅಡುಗೆಮನೆಗೆ ಹೋದರೆ ಕಗ್ಗತ್ತಲೆ. ಹಿಂದಿನ ದಿನ ಗುಟುಕು ನೀರೂ ಕುಡಿಯದ ಎಂಬತ್ತೆರಡರ ಜೀವ ಗೋಡೆ ಹಿಡಿದು ನಿಂತಿತ್ತು. ನಾನು ಫೋನ್ ಒತ್ತಿದೆ. ದೀಪ ಹತ್ತಿತು, ಆರಿತು. ಮತ್ತೆ ಒತ್ತಿದೆ. ಹತ್ತಿತು, ಆರಿತು. ಒಲೆಯೂ ಕುಂಯ್ ಎಂದು ಸತ್ತಿತು.

"ಯಾರು ಮುಟ್ಟೀರಿ ಸರ್ವರ್?" ಎಂದು ಅರಚಿದೆ. ಸುಧಾಳ ಮೇಲೆ ಹರಿಹಾಯ್ದೆ. ನೆಟ್ ಕೊಡುವವನನ್ನು ಫೋನಿನಲ್ಲಿ ಎಬ್ಬಿಸಿ ತೆಲುಗಿನಲ್ಲಿ ಬೈದೆ. ಅವನು ನಿದ್ದೆಗಣ್ಣಲ್ಲೇ "ಲೈನ್ ಬಾಗಾನೇ ಉಂದಿ ಸಾರ್" ಎಂದ, ಲೈನು ಸರಿಯಾಗೇ ಇದೆಯಂತೆ. ಸರ್ವರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಎದ್ದು ಕೂತು ಅದೇ ಆಟ ಆಡಿತು. ಕಿಟಕಿ ಬೆಳ್ಳಗಾಗುತ್ತಿತ್ತು. "ನನ್ನ ವ್ರತ ಇವತ್ತಿಗಿ ಮುಗೀತು ನೋಡು" ಎಂದಳು ಅವ್ವ, ಸಣ್ಣ ದನಿಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು, ನಾಚಿಕೆಗೆ ಸಿಟ್ಟು ಇನ್ನಷ್ಟು ಏರಿತು.

ಸುಧಾ ವಾಷಿಂಗ್ ಮಷೀನಿನ ಪ್ಲಗ್ಗಿನಿಂದ ಒಲೆಯವರೆಗೆ ಎಕ್ಸ್‌ಟೆನ್ಶನ್ ಬೋರ್ಡು ಎಳೆದು ತಂದಳು. ಮನೆಯಲ್ಲಿ ಆ ಒಂದು ಪ್ಲಗ್ಗಿಗೆ ಮಾತ್ರ ಅವಳು ನನ್ನನ್ನು ಕೈ ಹಾಕಗೊಟ್ಟಿರಲಿಲ್ಲ. "ತಡಿಯವಾ, ಮೈಲಿಗಿ ಅದು, ನೀರು ಚಿಮುಕಸ್ತೀನಿ" ಎಂದು ಅವ್ವ ಚೊಂಬು ಎತ್ತಿದಳು. ಶಾಕ್ ಹೊಡೀತದ ಎಂದು ಚೀರಿ ಹಾರಿದವನು, ಅವಳನ್ನು ಮುಟ್ಟಿದರೆ ಮಡಿ ಕೆಟ್ಟು ಇನ್ನೊಂದು ಸ್ನಾನವಾದೀತೆಂದು ನಡುವೆಯೇ ನಿಂತೆ. ಕೊನೆಗೆ ಬೋರ್ಡಿನ ಮೇಲೆ ತುಳಸಿ ದಳವಿಟ್ಟು ಶುದ್ಧ ಮಾಡಿದ್ದಾಯಿತು. ದೇವರ ದೀಪದ ಬೆಳಕಿನಲ್ಲಿ ಅನ್ನ, ತೊವ್ವೆ ಬೆಂದವು.

ಅವ್ವ ಮೊದಲ ತುತ್ತು ಬಾಯಿಗಿಟ್ಟಳು. ಆಗಲೇ ಅಡುಗೆಮನೆಯ ದೀಪಗಳೆಲ್ಲ ತಾವಾಗಿ ಝಗ್ಗನೆ ಹತ್ತಿದವು.

ನನಗೆ ಆಗ ನೆನಪಾಯಿತು. ಏಕಾದಶಿ ಬಂದ್ ಮರುದಿನ ಸೂರ್ಯೋದಯದವರೆಗೆ, ನಡುವೆ ಯಾರು ಹಚ್ಚಿದರೂ ಆರಿಸು, ಎಂದು ಬರೆದವನು ನಾನೇ. ಸರ್ವರ್ ಕೆಟ್ಟಿರಲಿಲ್ಲ. ಆದರೂ ಹಲ್ಲು ಕಡಿದು, ಈ ಡಬ್ಬಾ ಇವತ್ತೇ ಕಸಕ್ಕೆ ಎಂದೆ.

"ಬೈಬ್ಯಾಡಪಾ ಅದಕ್ಕ," ಎಂದಳು ಅವ್ವ, ತೊವ್ವೆ ಕಲಸುತ್ತ. "ಹಿಡದ ನೇಮ ಬಿಡಲಿಲ್ಲ ನೋಡು. ನಿನ್ನೆ ಈ ಮನ್ಯಾಗ ಏಕಾದಶಿ ಮಾಡಿದವರು ನಾನು, ಸುಧಾ, ನೀನು, ಅದು. ನಾಕು ಮಂದಿ."

ಸುಧಾ ನನ್ನ ಮುಖ ನೋಡಿದಳು. ನಾನು ಮುಖ ಆಚೆ ತಿರುಗಿಸಿದೆ. ಹಿಂದಿನ ಸಂಜೆ ಲಿಂಗಂಪಲ್ಲಿ ಸ್ಟೇಷನ್ನಿನ ಹೊರಗೆ ತಿಂದ ಎರಡು ಪ್ಲೇಟು ಮಿರ್ಚಿ ಬಜ್ಜಿ ಇನ್ನೂ ಹುಳಿತೇಗು ತರುತ್ತಿತ್ತು.