ಒಂದು ಬಕೆಟ್ ಕಡಲೆ

"ಇನ್ಮೇಲೆ ಈ ರೂಮಿನಲ್ಲಿ ಯಾರೂ ಹಸ್ಕೊಂಡಿರಬಾರದು! ಯಾರೂ ದಿನಾ ಅಡುಗೆ ಮಾಡ್ಕೊಂಡು ಸಾಯಲೂಬಾರದು!"

ಶನಿವಾರ ಸಂಜೆ ಮಂಚದ ಮೇಲೆ ನಿಂತು ಹೀಗೆ ಘೋಷಿಸಿದವಳು ಸರಾಸರಿ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸಂಖ್ಯಾಶಾಸ್ತ್ರ ಓದುತ್ತಿದ್ದ ಅವಳು ಮಾತೆತ್ತಿದರೆ 'ಸರಾಸರಿ ತೆಗೆದ್ರೆ...' ಎಂದೇ ಶುರು ಮಾಡುತ್ತಿದ್ದುದರಿಂದ ತರಗತಿಯವರು ಅಂಟಿಸಿದ ಹೆಸರು. ಅವಳಿಗೆ ಬೇಸರವೇನೂ ಇರಲಿಲ್ಲ. ಬುದ್ಧಿಯಲ್ಲಿ ತಾನು ಸರಾಸರಿಗಿಂತ ಬಹಳ ಮೇಲೆ ಎಂಬ ವಿಷಯದಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಘೋಷಣೆ ಕೇಳಲು ನೆರೆದಿದ್ದ ಮಹಾಸಭೆ ಎಂದರೆ ರೂಮಿನ ಜೊತೆಗಾತಿ ಒಬ್ಬಳೇ. ಹಲ್ಲಿನ ವೈದ್ಯಕೀಯ ಓದುತ್ತಿದ್ದ ಅವಳು ಓದು ಮುಗಿಯುವ ಮೊದಲೇ ಡಾಕ್ಟರಮ್ಮ ಎನಿಸಿಕೊಂಡಿದ್ದಳು. ಆಗ ಪ್ಲಾಸ್ಟರಿನ ಹಲ್ಲು ಸೆಟ್ಟೊಂದನ್ನು ಹಳೆಯ ಬ್ರಷ್ಷಿನಿಂದ ಉಜ್ಜುತ್ತಾ ಕೂತಿದ್ದಳು.

"ಅಡುಗೆ ಮಾಡದೆ ಹಸಿವು ಹೇಗೆ ಹೋಗುತ್ತೆ?" ಎಂದಳು, ತಲೆಯೆತ್ತದೆ.

"ದಿನಾ ಮಾಡಬಾರದು ಅಂದೆ. ವಾರಕ್ಕೆ ಒಂದೇ ಸಲ ಮಾಡೋಣ. ಅಗ್ಗ ಆಗಿರಬೇಕು, ಸುಲಭ ಆಗಿರಬೇಕು, ಹೊಟ್ಟೆ ತುಂಬಬೇಕು. ಈ ಮೂರಕ್ಕೂ ಲೋಕದಲ್ಲಿ ಒಂದೇ ಉತ್ತರ." ಸರಾಸರಿ ಮಂಚದಿಂದ ಇಳಿದು ಬಾಗಿಲ ಹಿಂದಿನಿಂದ ಒಂದು ದಪ್ಪ ಚೀಲವನ್ನು ಎಳೆದು ತಂದಳು. "ಕಡಲೆಕಾಳು!"

ಡಾಕ್ಟರಮ್ಮ ಆಗ ತಲೆಯೆತ್ತಿದಳು. "ಇಷ್ಟೊಂದಾ? ಏನು, ಕುದುರೆ ಸಾಕ್ತೀಯಾ?"

"ಸಗಟು ಅಂಗಡಿಯಲ್ಲಿ ತಂದೆ. ಚೀಲ ದೊಡ್ಡದಾದಷ್ಟೂ ಅಗ್ಗ. ನೋಡು, ಸೋಮವಾರ ಅನ್ನದ ಜೊತೆ. ಮಂಗಳವಾರ ಬ್ರೆಡ್ಡಿನ ಮಧ್ಯೆ. ಬುಧವಾರ ಈರುಳ್ಳಿ ಹಾಕಿ ಹುರಿದು. ಗುರುವಾರ ಜಜ್ಜಿ ಸೂಪು."

"ಶುಕ್ರವಾರ?"

"ಶುಕ್ರವಾರ ಉಳಿದದ್ದು."

ಇಷ್ಟೆಲ್ಲ ಉತ್ಸಾಹಕ್ಕೆ ಒಂದು ಕಾರಣವಿತ್ತು. ಈ ಮಹಡಿ ರೂಮಿಗೆ ಬರುವ ಮೊದಲು ಸರಾಸರಿ ಅದೇ ಊರಿನ ಇನ್ನೊಂದು ತುದಿಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಉಸಿರಾಟಕ್ಕಿತ್ತು. ಚಿಕ್ಕಪ್ಪ ಬೆಳಗಿನ ತಿಂಡಿಯ ಹೊತ್ತಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ಮೊದಲ ಪುಟದಿಂದ ಹಿಡಿದು 'ಕಾಣೆಯಾಗಿದ್ದಾರೆ' ಜಾಹೀರಾತಿನವರೆಗೆ. ನಡುವೆ ಎದ್ದವರನ್ನು ಕರೆದು ಮತ್ತೆ ಕೂರಿಸುತ್ತಿದ್ದರು. ಕೊನೆಕೊನೆಗೆ ಆ ಕಾಣೆಯಾದವರ ಮೇಲೆ ಸರಾಸರಿಗೆ ಹೊಟ್ಟೆಕಿಚ್ಚು ಹುಟ್ಟಿತ್ತು. ಅತ್ತು ಕರೆದು ಅಪ್ಪನನ್ನು ಒಪ್ಪಿಸಿ ಇಲ್ಲಿಗೆ ಬಂದಿದ್ದಳು. ಆದರೆ ಅಪ್ಪ ಒಂದು ಷರತ್ತು ಹಾಕಿದ್ದರು: "ಚಿಕ್ಕಮ್ಮ ಒಂದಿನ ಬಂದು ನೋಡ್ತಾಳೆ. ಹೊಟ್ಟೆಗೆ ಸರಿಯಾಗಿ ತಿಂತಿದ್ದೀಯ ಅಂತ ಅವಳು ಹೇಳಿದ್ರೆ ಸರಿ. ಇಲ್ಲಾಂದ್ರೆ ಪೆಟ್ಟಿಗೆ ಕಟ್ಟಿ ಅವಳ ಜೊತೆ ವಾಪಸ್ ಹೋಗು."

ಚಿಕ್ಕಮ್ಮ ಬರುವುದು ಮರುದಿನ, ಮಧ್ಯಾಹ್ನದ ಊಟಕ್ಕೆ. "ಬಾ ಚಿಕ್ಕಮ್ಮ, ನನ್ನ ಕೈಯಾರೆ ಬಡಿಸ್ತೀನಿ!" ಎಂದು ಸರಾಸರಿ ಫೋನಿನಲ್ಲಿ ಜಂಬ ಕೊಚ್ಚಿಕೊಂಡಿದ್ದಳು. ನಿಜ ಹೇಳಬೇಕೆಂದರೆ, ರೂಮಿಗೆ ಬಂದಾಗಿನಿಂದ ಅವಳ ಆಹಾರ ಬ್ರೆಡ್ಡು, ಟೀ, ಹಬ್ಬದೂಟದ ಲೆಕ್ಕದಲ್ಲಿ ಟೀಯಲ್ಲಿ ಅದ್ದಿದ ಬ್ರೆಡ್ಡು. ಡಾಕ್ಟರಮ್ಮ ಕಾಲೇಜಿನ ಕ್ಯಾಂಟೀನಿನಲ್ಲೇ ಊಟ ಮುಗಿಸಿ ಬರುತ್ತಿದ್ದಳು.

ಸರಿ, ನೆನೆಹಾಕುವ ಕಾರ್ಯ ಆರಂಭವಾಯಿತು. ಸರಾಸರಿ ಚೀಲದ ಅಳತೆ ನೋಡಿದಳು, ಪಾತ್ರೆಗಳ ಅಳತೆ ನೋಡಿದಳು, ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. ಕುಕ್ಕರ್, ಬಾಣಲೆ, ಕುಡಿಯುವ ನೀರಿನ ಕೊಡ, ಎರಡು ಮಗ್ಗು; ಉಳಿದದ್ದಕ್ಕೆ ಸ್ನಾನದ ಬಕೆಟ್ಟು. ಬಕೆಟ್ಟನ್ನು ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ ಉಜ್ಜಿ ಬಿಳಿ ಮಾಡಿದಳು. ಎಲ್ಲದಕ್ಕೂ ಕಂಠದವರೆಗೆ ಕಾಳು, ಮೇಲೆ ನೀರು. ಲೆಕ್ಕ ತಾಳೆಯಾಯಿತು.

"ನೋಡಿದ್ಯಾ? ಒಂದು ಕಾಳೂ ಹೊರಗುಳಿದಿಲ್ಲ. ಇದಕ್ಕೆ ಯೋಜನೆ ಅಂತಾರೆ," ಎಂದಳು.

ನೆನೆಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ನೆಂದರೆ ಉಬ್ಬುತ್ತದೆ ಎಂಬುದೊಂದು ನೆನಪಾಗಲಿಲ್ಲ.

ಭಾನುವಾರ ಬೆಳಗ್ಗೆ ಕುಕ್ಕರಿನ ಮುಚ್ಚಳ ಠಣ್ಣನೆ ನೆಲಕ್ಕೆ ಬಿದ್ದ ಸದ್ದಿಗೆ ಇಬ್ಬರೂ ಎದ್ದು ಕೂತರು. ಮುಚ್ಚಳವನ್ನು ಯಾರೂ ಬೀಳಿಸಿರಲಿಲ್ಲ. ಕಾಳೇ ಎತ್ತಿ ಎಸೆದಿತ್ತು. ಕೊಡದ ಬಾಯಿಂದ ಕಾಳು ಇಣುಕುತ್ತಿತ್ತು. ಬಾಣಲೆಯ ಸುತ್ತ ಕಾಳು ಚೆಲ್ಲಿತ್ತು. ಮಗ್ಗುಗಳಿಗೆ ಗೋಪುರ ಬಂದಿತ್ತು. ಬಕೆಟ್ಟಿನಿಂದ ಕಾಳು ತುಂಬಿ ತುಳುಕಿ, ಚಪ್ಪಲಿಗಳ ನಡುವೆ ದಾರಿ ಮಾಡಿಕೊಂಡು ಬಾಗಿಲಿನತ್ತ ಹೊರಟಿತ್ತು.

"ಇದು ಕಡಲೆಯಲ್ಲ ಕಣೇ, ಕಡಲು!" ಎಂದಳು ಡಾಕ್ಟರಮ್ಮ. "ನಾನು ಸ್ನಾನ ಯಾವುದರಲ್ಲಿ ಮಾಡ್ಲಿ?"

"ಸರಾಸರಿ ತೆಗೆದ್ರೆ ದಿನಕ್ಕೆ ಒಂದು ಸ್ನಾನ ತಾನೆ? ಇವತ್ತು ಬಿಡು, ನಾಳೆ ಎರಡು ಮಾಡು."

ಡಾಕ್ಟರಮ್ಮ ಪ್ಲಾಸ್ಟರಿನ ಹಲ್ಲುಗಳನ್ನು ಎತ್ತಿಕೊಂಡು ಮಂಚದ ಮೂಲೆಯಲ್ಲಿ ಕಾಲು ಮಡಿಸಿ ಕೂತಳು. ನೆಲದ ಮೇಲೆ ಕಾಲಿಡಲು ಅವಳಿಗೆ ಧೈರ್ಯವಿರಲಿಲ್ಲ.

ಮೂಲೆಯ ಕಲ್ಲಿನ ಕಟ್ಟೆಯ ಮೇಲೆ ಒಂದೇ ಉರಿಯ ಗ್ಯಾಸ್ ಒಲೆ. ಸರಾಸರಿ ಪುಟ್ಟ ಕುಕ್ಕರಿನ ಕಾಳನ್ನು ತಟ್ಟೆಗೆ ಸುರಿದು, ಅದನ್ನು ಒಲೆಯ ಮೇಲೆ ಏರಿಸಿದಳು. ಮೊದಲು ಬಕೆಟ್ಟಿನ ಕಾಳಿಗೆ ಸರದಿ ಕೊಟ್ಟಳು, ಜೊತೆಗಾತಿಯ ಸ್ನಾನದ ಬಗ್ಗೆ ಅವಳಿಗೂ ಕಾಳಜಿಯಿತ್ತು. ಆದರೆ ಆ ಕಾಳಜಿಯಲ್ಲಿ ಕಾಳೇ ಜಾಸ್ತಿಯಾಯಿತು. ಇನ್ನೊಂದು ಹಿಡಿ, ಇನ್ನೊಂದು ಹಿಡಿ ಎಂದು ಒತ್ತಿ ತುಂಬಿದಳು. ಕುಕ್ಕರ್ ಸೀಟಿ ಹೊಡೆಯಿತು. ಮತ್ತೆ ಹೊಡೆಯಿತು. ಆಮೇಲೆ ನಿಲ್ಲಿಸಲೇ ಇಲ್ಲ. ಸೀಟಿಯ ಜೊತೆಗೆ ಬಿಳಿ ನೊರೆ ಬಂತು. ನೊರೆ ಒಲೆಗೆ ಇಳಿಯಿತು, ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ. ರೂಮಿನ ತುಂಬ ನಿಂಬೆಹಣ್ಣಿನ ಘಮ.

"ನಿಂಬೆಹಣ್ಣು ಹಾಕಿದ್ಯಾ?" ಡಾಕ್ಟರಮ್ಮ ಮೂಗರಳಿಸಿದಳು.

"ಇಲ್ವಲ್ಲ," ಎಂದ ಸರಾಸರಿ ಪಾತ್ರೆ ಸೋಪಿನ ಬಾಟಲಿಯತ್ತ ನೋಡಿ ಬಾಯಿ ಮುಚ್ಚಿಕೊಂಡಳು. ಬಾಟಲಿಯ ಮೇಲೆ ಎರಡು ನಿಂಬೆಹಣ್ಣು ನಗುತ್ತಿದ್ದವು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಮನೆಯ ಗಾರ್ಡ್ ತಾತ, ಮನೆಯ ಮಾಲೀಕರು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಸೀಟಿಯ ಸದ್ದು ಕೇಳಿದರೆ ಈಗಲೂ ಎದ್ದು ನಿಲ್ಲುತ್ತಿದ್ದರು.

"ಏನಮ್ಮಾ ಇದು? ಮೇಲೆ ಯಾವ ಗಾಡಿ ನಿಂತಿದೆ? ಬೆಳಗ್ಗೆಯಿಂದ ಸೀಟಿ ಹಾಕ್ತಾನೇ ಇದೆ, ಹೊರಡ್ತಾನೇ ಇಲ್ಲ!"

"ಕಡಲೆ ಬೇಯಿಸ್ತಿದ್ದೀನಿ ತಾತ. ಇನ್ನೇನು ಆಗೋಯ್ತು."

ಆಗಿದ್ದು ಕಡಲೆಯಲ್ಲ, ಗ್ಯಾಸು. ತಾತ ಮೆಟ್ಟಿಲಿಳಿಯುವ ಮೊದಲೇ ಉರಿ ಒಮ್ಮೆ ನೀಲಿಯಾಗಿ ಎದ್ದು, ಬಳುಕಿ, ಸಿಲಿಂಡರು ಖಾಲಿಯೆಂದು ಸಾರಿ ಆರಿಹೋಯಿತು. ಕುಕ್ಕರ್ ತಣ್ಣಗಾದ ಮೇಲೆ ಡಾಕ್ಟರಮ್ಮ ಒಂದು ಕಾಳು ತೆಗೆದು, ತೊಳೆದು, ಕಚ್ಚಿದಳು. ಕಟ್ ಎಂದಿತು.

"ಕಬ್ಬಿಣದ ಕಡಲೆ ಅಂತ ಕೇಳಿದ್ದೆ, ಇವತ್ತು ಬಾಯಲ್ಲಿಟ್ಟೆ," ಎಂದಳು. "ಎಲ್ಲರಿಗೂ ಇದನ್ನೇ ತಿನ್ನಿಸು. ನನ್ನ ಓದು ಮುಗಿಯೋ ಹೊತ್ತಿಗೆ ಊರಲ್ಲಿ ಒಳ್ಳೆ ಪ್ರಾಕ್ಟೀಸು ಸಿಗುತ್ತೆ."

ಬೇರೆ ಯಾರಾದರೂ ಇಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಸರಾಸರಿಯ ಕಿವಿಯಲ್ಲಿ ಚಿಕ್ಕಪ್ಪ ಮೊದಲ ಪುಟ ಓದಲು ಶುರು ಮಾಡಿದ್ದರು. ಅವಳು ಟೀ ಕಾಯಿಸುವ ಕರೆಂಟ್ ಕೆಟಲಿಗೆ ಕೊಡದ ಕಾಳು ತುಂಬಿ ಸ್ವಿಚ್ ಒತ್ತಿದಳು. ಸಾಲದೆಂದು ಡಾಕ್ಟರಮ್ಮನ ಇಸ್ತ್ರಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಎರಡು ಪುಸ್ತಕಗಳ ನಡುವೆ ನಿಲ್ಲಿಸಿ, ಅದರ ಮೇಲೆ ಬಾಣಲೆ ಇಟ್ಟು, ಅದರ ಸ್ವಿಚ್ಚನ್ನೂ ಒತ್ತಿದಳು.

ಫಟ್!

ಫ್ಯಾನು ನಿಂತಿತು. ಕೆಳಗಡೆ ತಾತನ ಟಿವಿಯಲ್ಲಿ ಹಾಡುತ್ತಿದ್ದವರೂ ಅರ್ಧಕ್ಕೇ ನಿಂತರು. ಮೇಲೂ ಕೆಳಗೂ ಒಂದೇ ಫ್ಯೂಸು. ಮತ್ತೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.

ಈ ಸಲ ತಾತ ಬಾಗಿಲಲ್ಲಿ ನಿಂತು ಇಸ್ತ್ರಿ ಪೆಟ್ಟಿಗೆ ನೋಡಿದರು, ಅದರ ಮೇಲಿನ ಬಾಣಲೆ ನೋಡಿದರು, ಕೊನೆಗೆ ಸರಾಸರಿಯ ಮುಖ ನೋಡಿದರು. ಆ ಮುಖ ಅಳುವ ಹಂತಕ್ಕೆ ಬಂದಿತ್ತು.

"ಇಷ್ಟೊಂದು ಪರದಾಟ! ಯಾರಮ್ಮ ಬರ್ತಿರೋದು? ಗಂಡಿನ ಕಡೆಯವರಾ?"

"ಅಲ್ಲ ತಾತ, ಚಿಕ್ಕಮ್ಮ. ಊಟ ಇಲ್ದಿದ್ರೆ ನನ್ನ ಕರ್ಕೊಂಡು ಹೋಗ್ಬಿಡ್ತಾಳೆ."

ತಾತ ಹೆಗಲ ಮೇಲಿನ ಕೆಂಪು ಟವೆಲಿನಿಂದ ಕತ್ತು ಒರೆಸಿಕೊಂಡರು. "ನಮ್ಮನೆಯವಳು ಮಗಳ ಮನೆಗೆ ಹೋಗಿದ್ದಾಳೆ. ನನ್ನ ಒಲೆ ಖಾಲಿ ಇದೆ. ಕೆಳಗೆ ತಗೊಂಡು ಬನ್ನಿ. ಇಸ್ತ್ರಿ ಪೆಟ್ಟಿಗೆ ಮಾತ್ರ ಇಲ್ಲೇ ಇರ್ಲಿ."

ಮೆರವಣಿಗೆ ಹೊರಟಿತು. ಮುಂದೆ ದಾರಿ ತೋರಿಸುತ್ತಾ ತಾತ, ನಡುವೆ ಮೊಟ್ಟೆ, ಈರುಳ್ಳಿ, ಟೊಮೆಟೊ, ಬ್ರೆಡ್ಡಿನ ಬುಟ್ಟಿ ಹಿಡಿದ ಡಾಕ್ಟರಮ್ಮ. ಹಿಂದೆ ಎರಡೂ ಕೈಯಿಂದ ಬಕೆಟ್ ಹಿಡಿದು, ಮೈ ಬಿಲ್ಲಿನಂತೆ ಬಗ್ಗಿಸಿಕೊಂಡು ಸರಾಸರಿ.

"ಆ ಬುಟ್ಟಿ ಯಾಕೆ?" ಎಂದು ಏದುಸಿರು ಬಿಡುತ್ತಾ ಕೇಳಿದಳು.

"ಯಾಕೋ ಬೇಕಾಗಬಹುದು ಅನ್ನಿಸಿ ನಿನ್ನೆ ರಾತ್ರಿನೇ ತಂದಿಟ್ಟಿದ್ದೆ," ಎಂದಳು ಡಾಕ್ಟರಮ್ಮ.

ಮುಂದಿದ್ದ ಇಬ್ಬರೂ ಇಳಿದು ಪಡಸಾಲೆ ಮುಟ್ಟಿದ್ದರು. ಸರಾಸರಿ ಇನ್ನೂ ಮೇಲಿನ ಮೆಟ್ಟಿಲುಗಳಲ್ಲೇ ಇದ್ದಳು. ಆಗಲೇ ಕೆಳಗಿನ ಬಾಗಿಲು ತೆರೆದು, ಕೈಯಲ್ಲಿ ಚೀಲ ಹಿಡಿದು, ಸೆರಗು ಸರಿಮಾಡಿಕೊಳ್ಳುತ್ತಾ ಚಿಕ್ಕಮ್ಮ ಒಳಗೆ ಬಂದರು. "ಎಲ್ಲೇ ಇದ್ದೀಯಾ?" ಎನ್ನುತ್ತಾ ನೇರವಾಗಿ ಮೆಟ್ಟಿಲು ಹತ್ತತೊಡಗಿದರು.

"ಬಂದೆ ಚಿಕ್ಕಮ್ಮ!" ಎಂದು ಸರಾಸರಿ ಕೂಗಿದ ಕ್ಷಣಕ್ಕೆ ಬಕೆಟ್ಟಿನ ಹಿಡಿ ಕಿತ್ತು ಬಂತು.

ಹಿಡಿ ಅವಳ ಕೈಯಲ್ಲೇ ಉಳಿಯಿತು. ಬಕೆಟ್ಟು ಉರುಳಿತು. ಕಡಲೆ ಇಳಿಯಿತು! ಒಂದೊಂದು ಮೆಟ್ಟಿಲಿಗೂ ಕುಪ್ಪಳಿಸಿ, ಗೋಡೆಗೆ ಬಡಿದು, ಕಂಬಿಗಳ ನಡುವೆ ನುಸುಳಿ, ಸಾವಿರಾರು ಕಾಳು ಒಟ್ಟಿಗೇ ಚಿಕ್ಕಮ್ಮನ ಸ್ವಾಗತಕ್ಕೆ ಧಾವಿಸಿದವು.

ಗಾರ್ಡ್ ತಾತನ ಒಳಗೆ ಅಷ್ಟು ವರ್ಷಗಳ ಸೇವೆ ಥಟ್ಟನೆ ಎಚ್ಚೆತ್ತಿತು. ಹೆಗಲಿನಿಂದ ಕೆಂಪು ಟವೆಲ್ ಎಳೆದು ತಲೆಯ ಮೇಲೆ ಬೀಸುತ್ತಾ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ನಿಲ್ಲಿ! ಲೈನ್ ಕ್ಲಿಯರ್ ಇಲ್ಲ!"

ಚಿಕ್ಕಮ್ಮ ನಿಂತರು. ಯಾರ ಮಾತಿಗೂ ನಿಲ್ಲದ ಚಿಕ್ಕಮ್ಮ ಆ ದನಿಗೆ ನಿಂತೇಬಿಟ್ಟರು, ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು. ಕಡಲೆ ಅವರ ಎರಡೂ ಪಕ್ಕದಿಂದ ಹರಿದುಹೋಯಿತು. ಕೆಲವು ಚೀಲದೊಳಗೆ ಹೊಕ್ಕವು, ಕೆಲವು ಮಡಿಲಲ್ಲಿ ಕೂತವು. ಕೊನೆಯ ಕಾಳು ಪಡಸಾಲೆ ಸೇರಿ ಸದ್ದಡಗಿದ ಮೇಲೆ ಚಿಕ್ಕಮ್ಮ ಮಡಿಲಿನಿಂದ ಒಂದನ್ನು ಎತ್ತಿ ಹಿಡಿದರು.

"ಏನೇ ಇದು?"

"ಊಟ, ಚಿಕ್ಕಮ್ಮ."

ಚಿಕ್ಕಮ್ಮ ಆ ಕಾಳನ್ನು ಬೆರಳಲ್ಲಿ ಒತ್ತಿದರು. ಅದು ಬಗ್ಗಲಿಲ್ಲ. ಮೂಸಿದರು. "ಸೋಪಿನ ವಾಸನೆ ಬರುತ್ತಲ್ಲೇ!"

"ಚೆನ್ನಾಗಿ ತೊಳೆದಿದ್ದಾಳೆ," ಎಂದಳು ಕೆಳಗಿನಿಂದ ಡಾಕ್ಟರಮ್ಮ.

ಮುಂದಿನ ಸ್ವಲ್ಪ ಹೊತ್ತು ಸರಾಸರಿಯೂ ತಾತನೂ ಪೊರಕೆ ಹಿಡಿದು ಮೆಟ್ಟಿಲು ಗುಡಿಸಿದರು. ಅಷ್ಟರಲ್ಲಿ ಡಾಕ್ಟರಮ್ಮ ತಾತನ ಒಲೆ ಹಚ್ಚಿ ಈರುಳ್ಳಿ ಹೆಚ್ಚಿದಳು, ಟೊಮೆಟೊ ಹಾಕಿ ಬಾಡಿಸಿದಳು, ಮೊಟ್ಟೆ ಒಡೆದು ಹೊಯ್ದಳು, ಮೇಲೊಂದಿಷ್ಟು ಮೆಣಸಿನಪುಡಿ ಉದುರಿಸಿ ಮಗುಚಿದಳು. ಹಳೆಯ ಬ್ರೆಡ್ಡನ್ನು ಅದೇ ಬಾಣಲೆಯಲ್ಲಿ ಕೆಂಪಗೆ ಮಾಡಿದಳು. ಒಂದು ವಾರದ ಯೋಜನೆ ನೆಲ ಕಚ್ಚಿದ ಜಾಗದಲ್ಲಿ, ನಾಲ್ಕು ಜನರ ಊಟ ಪೊರಕೆ ಒಳಗಿಡುವಷ್ಟರಲ್ಲಿ ತಯಾರಾಗಿತ್ತು.

ತಾತನ ಊಟದ ಮೇಜಿನ ಸುತ್ತ ಎಲ್ಲರೂ ಕೂತರು. ಚಿಕ್ಕಮ್ಮ ಮೊದಲ ತುತ್ತನ್ನು ಅನುಮಾನದಿಂದ ಬಾಯಿಗಿಟ್ಟರು. ಎರಡನೆಯದಕ್ಕೆ ಅನುಮಾನವಿರಲಿಲ್ಲ. ತಟ್ಟೆ ಖಾಲಿ ಮಾಡಿ ಮತ್ತೆ ಹಾಕಿಸಿಕೊಂಡರು.

"ಇಷ್ಟು ಸಾಕಲ್ಲ ಓದೋ ಮಕ್ಕಳಿಗೆ. ಬಿಸಿಬಿಸಿಯಾಗಿದೆ, ಹೊಟ್ಟೆ ತುಂಬುತ್ತೆ," ಎಂದರು. "ಯಾರು ಮಾಡಿದ್ದು ಇದನ್ನ?"

ಸರಾಸರಿ ತಟ್ಟೆ ನೋಡಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಲು ಬಾಯಿ ಬರಲಿಲ್ಲ. "ಪೂರ್ತಿ ಅವಳು ಮಾಡಿದ್ಲು, ನಾನು ಏನೂ ಮಾಡಿಲ್ಲ. ಆದ್ರೆ ಸರಾಸರಿ ತೆಗೆದ್ರೆ ಇಬ್ಬರೂ ಅರ್ಧರ್ಧ ಮಾಡಿದ ಹಾಗೆ, ಚಿಕ್ಕಮ್ಮ."

ಚಿಕ್ಕಮ್ಮ ನಗಲಿಲ್ಲ. ಕೈ ತೊಳೆದು, ಒರೆಸಿಕೊಂಡು, ಚೀಲದಿಂದ ಫೋನು ತೆಗೆದರು. ಅದರ ಜೊತೆ ಎರಡು ಕಾಳೂ ಹೊರಬಂದವು. ಅವನ್ನು ಮೇಜಿನ ಮೇಲಿಟ್ಟು ಸರಾಸರಿಯ ಅಪ್ಪನಿಗೆ ಫೋನು ಹಚ್ಚಿದರು. ಸರಾಸರಿ ಮೇಜಿನ ಕೆಳಗೆ ಡಾಕ್ಟರಮ್ಮನ ಕೈ ಹಿಡಿದುಕೊಂಡಳು. ಪೆಟ್ಟಿಗೆಯಲ್ಲಿ ಮೊದಲು ಏನಿಡುವುದು ಎಂದು ಯೋಚಿಸತೊಡಗಿದಳು.

"ಹಲೋ ಭಾವ? ಹೂಂ, ಬಂದೆ. ನೋಡ್ದೆ. ಎಲ್ಲಾ ನೋಡ್ದೆ... ಇಲ್ಲ ಭಾವ, ಕರ್ಕೊಂಡು ಬರಲ್ಲ. ಇವಳು ಇಲ್ಲೇ ಇರ್ಲಿ."

ಸರಾಸರಿ ಡಾಕ್ಟರಮ್ಮನ ಕೈಯನ್ನು ಎಷ್ಟು ಜೋರಾಗಿ ಅಮುಕಿದಳೆಂದರೆ ಡಾಕ್ಟರಮ್ಮ ಹಾ ಎಂದಳು. ಗೆದ್ದೆ! ಯೋಜನೆ ಹೇಗಾದರೂ ಹೋಗಲಿ, ಫಲ ಬಂತಲ್ಲ! ಅವಳು ಗತ್ತಿನಿಂದ ಬೆನ್ನು ನೆಟ್ಟಗೆ ಮಾಡಿ ಕೂತಳು.

ಆ ಕಡೆಯಿಂದ ಅಪ್ಪ ಏನೋ ಕೇಳಿದರು. ಅವರ ದನಿಯಲ್ಲಿದ್ದ ಹೆಮ್ಮೆ ಫೋನಿನಾಚೆಗೂ ಕೇಳಿಸಿತು.

"ಅಯ್ಯೋ, ಅಡುಗೆ ಕಲಿತಿದ್ದಾಳೆ ಅಂತಲ್ಲ ಭಾವ," ಎಂದರು ಚಿಕ್ಕಮ್ಮ. "ನಮ್ಮನೇಲಿ ಇರೋದು ಒಂದೇ ಅಡುಗೆಮನೆ. ಅದು ಇದ್ದ ಹಾಗೇ ಇರ್ಲಿ ಅಂತ!"