ಮೂರು ಹನಿ ಎಣ್ಣೆ

ಕೆಟ್ಟ ಶಬ್ದ ಕಿವಿಗೆ ಬಿದ್ದರೆ ನನಗೆ ಊಟ ಸೇರುವುದಿಲ್ಲ. ಇದೊಂದು ರೋಗವೇ ಇರಬೇಕು. ದಾವಣಗೆರೆಯಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ವಿಜಯವಾಡದ ಆಟೋನಗರಕ್ಕೆ ಬಂದು, ನಲವತ್ತು ವರ್ಷ ಲಾರಿಗಳ ಹೊಟ್ಟೆಯಡಿ ಮಲಗಿದವನು ನಾನು. ಎಂಜಿನ್ ಕೆಮ್ಮಿದರೆ ಯಾವ ವಾಲ್ವಿನದು ಎಂದು ಬಾನೆಟ್ ತೆಗೆಯದೆ ಹೇಳುತ್ತಿದ್ದೆ. ನನಗೆ ಬರುವ ವಿದ್ಯೆ ಅದೊಂದೇ.

ಅದು ವಿದ್ಯೆಯೇ ಅಲ್ಲವೆಂದು ಮೊನ್ನೆ ತಿಳಿಯಿತು, ಅದೂ ನನ್ನ ಮೊಮ್ಮಗಳಿಂದ. ನಮ್ಮ ಸಿರಿ ಕೊಳಲು ಊದುತ್ತಾಳೆ. ಹೀಗೆ ಹೇಳುವಾಗಲೇ ನನ್ನ ಎದೆ ಲಾರಿಯ ಟ್ಯೂಬಿನಂತೆ ಉಬ್ಬುತ್ತದೆ, ಕ್ಷಮಿಸಿ. ಅವಳದು ಐದು ಜನರ ಮೇಳ. ಕಣ್ಣು ಮುಚ್ಚಿ ಕೂರುತ್ತಾರೆ. ರಾಗವಿಲ್ಲ, ತಾಳವಿಲ್ಲ, ಮುಂದಾಳೂ ಇಲ್ಲ. ಸುತ್ತಲಿನದನ್ನು ಕೇಳಿ, ಬೇಕೆನಿಸಿದರೆ ಮಾತ್ರ ನುಡಿಸುವುದು. "ನಮ್ಮಲ್ಲಿ ತಪ್ಪು ಶಬ್ದ ಅಂತ ಒಂದೂ ಇಲ್ಲ ತಾತಾ. ಬಂದಿದ್ದೆಲ್ಲ ಒಪ್ಕೋಬೇಕು, ಅದೇ ಫಿಲಾಸಫಿ" ಎಂದಳು. ಒಂದೂ ಇಲ್ಲವಂತೆ! ಹಾಗಾದರೆ ನಲವತ್ತು ವರ್ಷ ಮೈಗೆಲ್ಲ ಗ್ರೀಸ್ ಬಳಿದುಕೊಂಡು ನಾನು ಹುಡುಕಿದ್ದು ಏನನ್ನು?

ಆದರೂ ಬೆಂಜ್ ಸರ್ಕಲ್ ಹತ್ತಿರದ ಸಣ್ಣ ಸಭಾಂಗಣದಲ್ಲಿ ಅವರ ಕಛೇರಿಯಾದಾಗ ಮುಂದಿನ ಸಾಲಿನಲ್ಲೇ ಕೂತೆ. ಅಕ್ಕಪಕ್ಕದವರಿಗೆಲ್ಲ ನನ್ನ ಮೊಮ್ಮಗಳೆಂದು ಎರಡೆರಡು ಸಲ ಹೇಳಿದೆ. ಕೊಳಲು ಶುರುವಾಯಿತು. ನನ್ನ ಪಕ್ಕದ ಸ್ಟ್ಯಾಂಡ್ ಫ್ಯಾನೂ ಶುರುವಾಯಿತು: ಕಿರ್... ಕಿರ್... ಮಗು ಅಷ್ಟು ಚೆನ್ನಾಗಿ ಊದುತ್ತಿರುವಾಗ ಇದರದೊಂದು ಕಾಟ. ಕನ್ನಡಕ ಮರೆತರೂ ಎಣ್ಣೆ ಶೀಸೆ ಮರೆಯುವವನಲ್ಲ ನಾನು. ಬಹಳ ಹೊತ್ತು ತಡೆದುಕೊಂಡೆ. ಕೊನೆಗೆ ಮೆಲ್ಲಗೆ ಎದ್ದು, ಸ್ವಿಚ್ ಆರಿಸಿ, ಮೂರು ಹನಿ ಬಿಟ್ಟು, ಮತ್ತೆ ಹಾಕಿದೆ. ಬೆಣ್ಣೆಯಂತೆ ತಿರುಗಿತು. ಐದೂ ಜನ ಕಣ್ಣು ತೆರೆದರು. ಕೊಳಲು ನಿಂತುಹೋಯಿತು.

ಹೊರಗೆ ಬಂದೊಡನೆ ಸಿರಿ ಹಾರಿಬಿದ್ದಳು. ಸಿಟ್ಟು ಬಂದರೆ ಅವಳ ಕನ್ನಡದೊಳಗೆ ತೆಲುಗು ನುಸುಳುತ್ತದೆ. "ಎಂಥ ಕೆಲ್ಸ ಮಾಡ್ದೆ ತಾತಾ! ಅರ್ಧ ಗಂಟೆಯಿಂದ ನಾವು ಆ ಫ್ಯಾನ್ ಜೊತೇನೇ ನುಡಿಸ್ತಿದ್ವಿ ಕದಾ!"

"ಬೇರಿಂಗ್ ಒಣಗಿತ್ತಮ್ಮಾ."

"ಒಣಗ್ಲಿ! ಬಂದಿದ್ದೆಲ್ಲ ಒಪ್ಕೋಬೇಕು ಅಂದಿದ್ನಲ್ಲ?"

"ಹಂಗಾದ್ರೆ ನನ್ನ ಎಣ್ಣೇನೂ ಒಪ್ಕೋಬೇಕಿತ್ತು."

ಇದಕ್ಕೆ ಅವರ ಫಿಲಾಸಫಿಯಲ್ಲಿ ಶಿಕ್ಷೆಯಿತ್ತು. ಮುಂದಿನ ವಾರ ವಿಶಾಖಪಟ್ಟಣದಲ್ಲಿ ಕಛೇರಿ. ಅಷ್ಟರಲ್ಲಿ ಆ ಫ್ಯಾನು ಮೊದಲಿನಂತೆ ಕಿರುಗುಟ್ಟಿದರೆ ಅದರ ಜೊತೆ ನಾನೂ ರೈಲು ಹತ್ತಬಹುದು. ಇಲ್ಲವಾದರೆ ಮನೆಯಲ್ಲೇ ಇರಬೇಕು.

ಸಭಾಂಗಣದವರನ್ನು ಬೇಡಿ ಫ್ಯಾನು ತಂದಿದ್ದೇನೆ. ನಾಲ್ಕು ದಿನದಿಂದ ಎಣ್ಣೆ ಒರೆಸುತ್ತೇನೆ, ಮರಳು ಉದುರಿಸುತ್ತೇನೆ, ಸ್ಕ್ರೂ ಸಡಿಲಿಸುತ್ತೇನೆ. ಕಿರ್ ಎನ್ನುವುದಿಲ್ಲ. ಚೆನ್ನಾಗಿದ್ದ ಗಾಡಿ ಕೆಡಿಸಿಟ್ಟೆ ಎಂದು ಗಿರಾಕಿಗಳು ನಲವತ್ತು ವರ್ಷ ನನ್ನನ್ನು ಬೈದರು. ಅವರು ಹೇಳಿದ್ದೆಲ್ಲ ಸುಳ್ಳೆಂಬುದಕ್ಕೆ ಈಗ ಸಾಕ್ಷಿ ಸಿಕ್ಕಿದೆ. ರೈಲಿನ ಟಿಕೆಟ್ಟು ಮಾತ್ರ ಸಿಕ್ಕಿಲ್ಲ.