ಇನ್ನೂರ ಹದಿನಾಲ್ಕನೇ ಬಾಯಿ

ಉಸಿರಿನ ನಳಿಗೆ ಎರಡು ಬೇಕಿತ್ತು. ಹಲ್ಲಿನ ಮೇಸ್ತ್ರಿ ಹೆಂಡತಿಗೆ ಹೊಸದು ಕೊಂಡು, ತನಗೆ ಸಾಕೆಂದು ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಆರಿಸಿಕೊಂಡ. ಅಲ್ಲಿಂದಲೇ ಕೆಟ್ಟಿತು.

ಮೇಸ್ತ್ರಿ ಎಂದರೆ ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವವನು. ರೋಗಿಗಳ ಮುಖವನ್ನೇ ನೋಡಿದವನಲ್ಲ. ಅವನ ಪಾಲಿಗೆ ಊರೆಂದರೆ ಕಪಾಟಿನಲ್ಲಿ ನಂಬರು ಅಂಟಿಸಿಕೊಂಡು ಸಾಲಾಗಿ ಕೂತ ಮುನ್ನೂರು ಗಾರೆಯ ಬಾಯಿಗಳು, ಅಂದರೆ ರೋಗಿಗಳ ಹಲ್ಲಿನ ಅಚ್ಚುಗಳು.

ಹೆಂಡತಿ ಮದುವೆಯಾದಾಗಿನಿಂದ ಕೇಳಿದ್ದು ಒಂದೇ: ದೂರದ ದ್ವೀಪಕ್ಕೆ ಹೋಗಿ, ಬಾಯಲ್ಲಿ ಉಸಿರಿನ ನಳಿಗೆ ಕಚ್ಚಿ, ನೀರಿನಲ್ಲಿ ಮುಖ ಇಟ್ಟು ತೇಲುತ್ತ ಹವಳದ ದಿಬ್ಬ ನೋಡಬೇಕು. ಸ್ನಾರ್ಕೆಲಿಂಗ್ ಎನ್ನುತ್ತಾರಂತೆ. ಹನ್ನೊಂದು ವರ್ಷ ಅವನು ಮುಂದಿನ ವರ್ಷ, ಮುಂದಿನ ವರ್ಷ ಎಂದು ಮೂಗಿಗೆ ತುಪ್ಪ ಸವರಿದ್ದ. ಈ ಸಲ ದೋಣಿಯಲ್ಲಿ ಎರಡು ಸೀಟು ಸಿಕ್ಕಿ, ರಜೆಯೂ ಸಿಕ್ಕಿ, ಶುಕ್ರವಾರ ಹೊರಡುವುದೆಂದು ನಿಶ್ಚಯವಾಗಿತ್ತು. ಹೆಂಡತಿ ವಾರದಿಂದ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಅಭ್ಯಾಸ ಮಾಡುತ್ತಿದ್ದಳು. ಬುಧವಾರ ಬೆಳಿಗ್ಗೆ ನೀರಿನಿಂದ ತಲೆ ಎತ್ತಿ, "ಈ ಸಲ ತಪ್ಪಿಸಿದ್ರೆ ನಾನೊಬ್ಬಳೇ ಹೋಗ್ತೀನಿ," ಎಂದಳು. ಅವನು ನಕ್ಕು ಕೆಲಸಕ್ಕೆ ಹೊರಟ.

ಹಳೆಯ ನಳಿಗೆಯನ್ನು ಆಸ್ಪತ್ರೆಯಲ್ಲೇ ತೊಳೆಯೋಣವೆಂದು ದೀಪದ ಕೆಳಗೆ ಹಿಡಿದಾಗ, ಬಾಯಲ್ಲಿ ಕಚ್ಚುವ ರಬ್ಬರಿನ ಮೇಲೆ ಹಲ್ಲಿನ ಗುರುತುಗಳು ಆಳವಾಗಿ ಬಿದ್ದಿರುವುದು ಕಂಡಿತು. ಬೇರೆ ಯಾರಾದರೂ ಛೀ ಎಂದು ಒರೆಸಿ ಸುಮ್ಮನಾಗುತ್ತಿದ್ದರು. ಇವನ ಕೈ ಕೇಳಬೇಕಲ್ಲ, ಗುರುತಿಗೆ ಗಾರೆ ಸುರಿದ. ಅರ್ಧ ಗಂಟೆಗೆ ಅಚ್ಚು ಬಿಡಿಸಿದರೆ ಪರಿಚಯದ ಬಾಯಿ! ಮುಂದಿನ ಎರಡು ಹಲ್ಲಿನ ನಡುವೆ ಸಂದು, ಎಡಗಡೆಯ ಕೋರೆಹಲ್ಲು ಪಕ್ಕದ ಮನೆ ಇಣುಕುವಂತೆ ವಾರೆ. ಕಪಾಟಿನಿಂದ ಇನ್ನೂರ ಹದಿನಾಲ್ಕನ್ನು ಇಳಿಸಿ ಪಕ್ಕದಲ್ಲಿಟ್ಟ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇನ್ನೂರ ಹದಿನಾಲ್ಕರ ದವಡೆಹಲ್ಲಿನ ಸೆಟ್ಟು ತಯಾರಾಗಿ ಆರು ತಿಂಗಳಾಗಿತ್ತು. ಒಯ್ಯಲು ಯಾರೂ ಬಂದಿರಲಿಲ್ಲ.

ಮುಂದಿನ ಮೇಜಿನ ಅಕ್ಕ, ರೋಗಿಗಳ ಹೆಸರು ಬರೆದುಕೊಳ್ಳುವವಳು, ವಿಷಯ ಕೇಳಿದ್ದೇ ಕುರ್ಚಿ ಎಳೆದುಕೊಂಡು ಬಂದಳು. ಅವರು ಗಡಿಯಾರ ರಿಪೇರಿಯ ಮುದುಕರು, ಅಳತೆ ಕೊಟ್ಟ ವಾರವೇ ಹವಳ ನೋಡಲು ದ್ವೀಪಕ್ಕೆ ಹೋದರು, ಅಂದಿನಿಂದ ಮನೆಗೆ ಬೀಗ ಎಂದು ಹೇಳಿದಳು. ಅಲ್ಲೇ ಅವರ ನಂಬರು ಒತ್ತಿ ಫೋನನ್ನು ಮೇಜಿನ ಮೇಲಿಟ್ಟಳು. ನೀವು ಕರೆ ಮಾಡಿದವರು ವ್ಯಾಪ್ತಿಯ ಹೊರಗಿದ್ದಾರೆ ಎಂದಿತು ಫೋನು.

"ಆಳು ಬರ್ಲಿಲ್ಲ, ನಳಿಗೆ ಮಾತ್ರ ಬಂತು," ಎಂದಳು ಅಕ್ಕ.

ಡಾಕ್ಟರಮ್ಮ ಬಂದು ಎರಡೂ ಅಚ್ಚುಗಳನ್ನು ತಿರುಗಿಸಿ ನೋಡಿದರು. ನೀರಿಗೆ ಬಿದ್ದವರನ್ನು ಕೊನೆಗೆ ಗುರುತಿಸುವುದು ಹಲ್ಲಿನಿಂದಲೇ ಎಂದು ಪಾಠ ಹೇಳುವವರಂತೆ ಹೇಳಿ, ಕೈ ತೊಳೆದುಕೊಂಡು ಹೋದರು.

ಒಬ್ಬನೇ ಉಳಿದಾಗ ಮೇಸ್ತ್ರಿ ಧೈರ್ಯ ಮಾಡಿ ನಳಿಗೆಯನ್ನು ಬಾಯಿಗಿಟ್ಟ. ಅವನ ಹಲ್ಲುಗಳು ಇನ್ನೊಬ್ಬರ ಗುಳಿಗಳಲ್ಲಿ ಜಾರಿ ಕೂತವು. ಉಸಿರು ಬಿಟ್ಟ. ಒಂದು ಕ್ಷಣ ತಡವಾಗಿ ಕಿವಿಯ ಪಕ್ಕದಲ್ಲೇ ಯಾರೋ ಉಸಿರು ಬಿಟ್ಟಂತಾಯಿತು. ಅಷ್ಟರಲ್ಲಿ ಮೇಜಿನ ಮೇಲಿನ ಪೆಟ್ಟಿಗೆಯೊಳಗೆ ಇನ್ನೂರ ಹದಿನಾಲ್ಕರ ಹಲ್ಲುಗಳು ಕಟಕಟ ಕಡಿದವು. ಪೆಟ್ಟಿಗೆಗೆ ತಾಗಿಕೊಂಡೇ ಇದ್ದ, ಗಾರೆಯ ಗುಳ್ಳೆ ಹೋಗಲೆಂದು ಅಲುಗಿಸುವ ಯಂತ್ರವನ್ನು ಬೆಳಿಗ್ಗೆಯಿಂದ ಆರಿಸಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನಳಿಗೆಯನ್ನು ಉಗುಳಿದ. ಕೂಡಲೇ ಪ್ರವಾಸದ ಆಫೀಸಿಗೆ ಫೋನ್ ಮಾಡಿ ಎರಡೂ ಸೀಟು ರದ್ದು ಮಾಡಿಸಿದ. ಹೆಂಡತಿಗೆ ಸಂಜೆ ಸಮುದ್ರ ಕೆಟ್ಟಿದೆ ಎಂದರಾಯಿತು ಅಂದುಕೊಂಡ. ಅವಳು ಬಕೆಟ್ಟಿನ ಮುಂದೆ ಕೂತಿದ್ದು ನೆನಪಾಯಿತು, ಆದರೂ ಬದುಕಿರುವುದು ಮುಖ್ಯವಲ್ಲವೇ.

ಸಂಜೆ ಎಲ್ಲರೂ ಹೋದ ಮೇಲೆ ಅವನು ಕಪಾಟಿಗೆ ಬೀಗ ಹಾಕುತ್ತಿದ್ದ.

"ನನ್ನ ಹಲ್ಲು ಇಲ್ಲೇ ಇದೆಯಂತಲ್ಲ, ಕೊಡ್ತೀರಾ?" ಎಂದಿತು ಬೆನ್ನ ಹಿಂದೆ ಒಂದು ಧ್ವನಿ.

ತಿರುಗಿದ. ಮುಖ ಯಾರದೋ ಗೊತ್ತಾಗಲಿಲ್ಲ. ದೀಪದ ಬೆಳಕಿಗೆ ಬಾಯಿ ತೆರೆಯಿತು. ನಡುವೆ ಸಂದು, ಎಡಗಡೆ ವಾರೆ ಕೋರೆ. ಮೇಸ್ತ್ರಿ ಗಾರೆಯ ಚೀಲದ ಮೇಲೆ ಕುಸಿದು ಕೂತ.

ಮುದುಕರೇ ನೀರು ಕುಡಿಸಿದರು. ದ್ವೀಪದಲ್ಲಿ ಫೋನು ಸಮುದ್ರಕ್ಕೆ ಬಿತ್ತಂತೆ, ಅವರು ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡರಂತೆ. ಆರು ತಿಂಗಳು ಮಗಳ ಮನೆಯಲ್ಲಿದ್ದರಂತೆ. ಇನ್ನು ಈ ಹುಚ್ಚು ಸಾಕೆಂದು ಮಗಳು ಅವರ ಸಾಮಾನನ್ನೆಲ್ಲ ಮಾರಿಬಿಟ್ಟಿದ್ದಳು.

"ಶುಕ್ರವಾರ ಮತ್ತೆ ಹೊರಟಿದ್ದೀನಿ, ಮಗಳಿಗೆ ಹೇಳ್ಬೇಡಿ," ಎಂದರು ಮುದುಕರು ಹೊಸ ಹಲ್ಲು ಕೂರಿಸಿಕೊಳ್ಳುತ್ತ. "ಸೀಟೇ ಇರ್ಲಿಲ್ಲ. ಇವತ್ತು ಮಧ್ಯಾಹ್ನ ಯಾರೋ ಪುಕ್ಕಲ ಎರಡು ಬಿಟ್ಟನಂತೆ." ಮೇಜಿನ ಮೇಲಿನ ನಳಿಗೆ ಅವರ ಕಣ್ಣಿಗೆ ಬಿತ್ತು. ಎತ್ತಿ ಕಚ್ಚಿ ನೋಡಿ, ತಮ್ಮದೇ ಎಂದು ಜೇಬಿಗೆ ಸಿಕ್ಕಿಸಿಕೊಂಡರು. ಅದಕ್ಕೆ ಸಾಕ್ಷಿಯನ್ನು ಮೇಸ್ತ್ರಿ ತಾನೇ ಎರಕ ಹೊಯ್ದು ಇಟ್ಟಿದ್ದನಲ್ಲ.

"ಇನ್ನೊಂದು ಸೀಟು ಉಳಿದಿದೆಯಾ?" ಎಂದು ಅವನು ಆಸೆಯಿಂದ ಕೇಳಿದ.

"ಇಲ್ಲ. ಸೀಟು ರದ್ದಾಯ್ತು ಅಂತ ಆಫೀಸಿನವರು ಆ ಪುಕ್ಕಲನ ಮನೆಗೆ ಫೋನ್ ಮಾಡಿದ್ರಂತೆ. ಅವನ ಹೆಂಡ್ತಿ, ನಂದೊಂದು ಮತ್ತೆ ಬರ್ಕೊಳ್ಳಿ, ನಮ್ಮನೆಯವರದು ಯಾರಿಗಾದ್ರೂ ಕೊಡಿ ಅಂದ್ರಂತೆ."

ಮೇಸ್ತ್ರಿ ಮನೆ ಮುಟ್ಟಿದಾಗ ಬಾಗಿಲ ಬಳಿ ಒಂದೇ ಚೀಲವಿತ್ತು. ಬಚ್ಚಲುಮನೆಯ ಬಾಗಿಲು ಮುಚ್ಚಿತ್ತು, ಒಳಗೆ ಅವಳು ಬಕೆಟ್ಟಿನಲ್ಲಿ ಮುಖ ಮುಳುಗಿಸಿದ ಸದ್ದು ಕೇಳಿ ನಿಂತಿತು. ಸಮುದ್ರ ಕೆಟ್ಟಿದೆ ಎನ್ನಲು ಬಾಯಿ ತೆರೆದವನು ಹಾಗೇ ನಿಂತು ಸೆಕೆಂಡು ಎಣಿಸತೊಡಗಿದ. ತೊಂಬತ್ತು ದಾಟಿದರೂ ಅವಳು ನೀರಿನಿಂದ ತಲೆ ಎತ್ತಿದ ಸದ್ದಾಗಲಿಲ್ಲ.